ಎಂಟನೆಯ ಬಾಟಲಿಯಿಂದಾಚೆ

ಬಾಟಲಿಯೊಳಗೆ ಗಿಡ ಬೆಳೆಸುವ ಟಿಶ್ಯೂ ಕಲ್ಚರ್ ಪ್ರಯೋಗಾಲಯದಲ್ಲಿ ಅವಳಿಗೆ ಎಲ್ಲರೂ ಇಟ್ಟ ಹೆಸರು ರೇಡಿಯೋ ಅಕ್ಕ. ಒಂಬತ್ತು ವರ್ಷ ತೊಟ್ಟಿಯ ಮುಂದೆ ನಿಂತು ಬಾಟಲಿ ತೊಳೆದಳು, ತೊಳೆಯುತ್ತಲೇ ಮಾತಾಡಿದಳು. ಆಮೇಲೆ ಅವಳ ಕೈಯ ಹದ ಮೆಚ್ಚಿ ಚಿಗುರು ಕತ್ತರಿಸುವ ಕೋಣೆಯಲ್ಲಿ ಕೂರಿಸಿದರು ನೋಡಿ, ಅಲ್ಲಿ ಬಾಯಿ ತೆರೆಯುವಂತೆಯೇ ಇಲ್ಲ! ಉಸಿರಿನ ಜೊತೆ ಹೋಗುವ ಕ್ರಿಮಿ ಸಾಕು, ಬಾಟಲಿಯೊಳಗಿನ ಎಳೆ ಚಿಗುರು ಕೊಳೆಯಲು. ಪಾಪ, ಆ ಕುರ್ಚಿಗಾಗಿ ಅದನ್ನೂ ಸಹಿಸಿಕೊಂಡಳು. ಮುಖಗವಸು ಕಟ್ಟಿ, ಚಿಮಟವನ್ನು ಉರಿಯಲ್ಲಿ ಸುಟ್ಟು, ಚಿಗುರು ಕತ್ತರಿಸಿ ಬಾಟಲಿಗಿಳಿಸಿ, ಸಂಜೆ ಮನೆಗೆ ಹೋಗಿ ಉಳಿದ ಮಾತನ್ನೆಲ್ಲ ಗಂಡನ ಕಿವಿಗೆ ಸುರಿಯುತ್ತಿದ್ದಳು. ಆತ ಪುಣ್ಯಾತ್ಮ, ಹೂಂಗುಟ್ಟುತ್ತಿದ್ದ.

ಆ ತಿಂಗಳು ಬಂದದ್ದು ಬೇರಿನಲ್ಲಿ ಮದ್ದಿರುವ ಒಂದು ಗಿಡ. ಬೇರಿನಾಸೆಗೆ ಜನ ಅಗೆದೂ ಅಗೆದೂ ಕಾಡಿನಲ್ಲಿ ಉಳಿದದ್ದು ಬೆರಳೆಣಿಕೆಯಷ್ಟು. ಇಪ್ಪತ್ತು ಚಿಗುರು ಇಪ್ಪತ್ತು ಬಾಟಲಿಗೆ ಹೋಗಬೇಕಿತ್ತು. ಏಳು ಮುಗಿಯುವಷ್ಟರಲ್ಲಿ ಹಳೆಯ ಪಾಕದ ಬಾಟಲಿಗಳು ಖಾಲಿ. ಸಕ್ಕರೆ, ಲವಣ ಬೆರೆಸಿ ಗಿಡಗಳಿಗೆ ಪಾಕ ಕಾಯಿಸುವವಳು, ಎಲ್ಲರ ಬಾಯಲ್ಲಿ 'ಅಡುಗೆಯವಳು', ಹೊಸ ಬಾಟಲಿಗಳನ್ನು ತಂದಿಟ್ಟು ಬಾಗಿಲಲ್ಲೇ ಪಿಸುಗುಟ್ಟಿದಳು.

"ಅಕ್ಕಾ, ಹೊರಗಿಟ್ಟ ನಿಮ್ಮ ಫೋನಿಗೆ ಕರೆ ಬಂದಿತ್ತು. ಮಗಳಿಗೆ ಹೆರಿಗೆ ಆಯ್ತಂತೆ. ಹೆಣ್ಣು. ಇಬ್ರೂ ಚೆನ್ನಾಗಿದ್ದಾರೆ."

ಎರಡು ಸಲ ಬಸಿರು ನಿಲ್ಲದೆ ನೊಂದಿದ್ದ ಮಗಳು! ಅಕ್ಕ ಗವಸು ಕೆಳಗೆಳೆದು "ಅಯ್ಯೋ ನನ್ನ ಬಂಗಾರಾ!" ಎಂದು ಕೂಗಿಯೇಬಿಟ್ಟಳು. ಅಡುಗೆಯವಳು ಹೋದಮೇಲೂ ಗವಸು ಮೇಲೇರಲಿಲ್ಲ. ಉಳಿದ ಹದಿಮೂರು ಚಿಗುರಿಗೂ ಕೂಸಿನ ಸುದ್ದಿ ಹೇಳುತ್ತಾ, ಮೂಗು ಯಾರದು ಬಂದಿರಬಹುದೆಂದು ಕೇಳುತ್ತಾ ಕತ್ತರಿಸಿದಳು. ಅಷ್ಟು ಖುಷಿ ಅವಳಿಗೆ ಎಂದೂ ಆಗಿರಲಿಲ್ಲ.

ಐದನೆಯ ದಿನ ನೋಡಿದರೆ, ಎಂಟನೆಯ ಬಾಟಲಿಯಿಂದಾಚೆ ಎಲ್ಲ ಚಿಗುರಿನ ಬುಡದಲ್ಲೂ ಹಾಲಿನಂಥ ಲೋಳೆ. ಪ್ರಯೋಗಾಲಯ ನಡೆಸುವ ಮೇಡಂ ಒಂದೊಂದನ್ನೂ ಬೆಳಕಿಗೆ ಹಿಡಿದು, ಅಡುಗೆಯವಳ ಕಡೆ ತಿರುಗಿದರು.

"ಮೊದಲ ಏಳು ಹಳೇ ಪಾಕ, ಚೆನ್ನಾಗಿವೆ. ಹೊಸದೆಲ್ಲ ಹಾಳು. ಸರಿಯಾಗಿ ಬೇಯಿಸಿಲ್ಲ ನೀನು. ನಾಳೆಯಿಂದ ಬರಬೇಡ."

ಅಡುಗೆಯವಳು ತಲೆ ತಗ್ಗಿಸಿ ನಿಂತಳು. ಅಂದು ಬಾಗಿಲಲ್ಲಿ ನಡೆದದ್ದನ್ನು ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ.

ಅಕ್ಕನಿಗೆ ಲೆಕ್ಕ ಹೊಳೆಯಿತು. ಬಾಯಿ ಬಿಟ್ಟರೆ ಒಂಬತ್ತು ವರ್ಷ ಕಾದು ಪಡೆದ ಕುರ್ಚಿ ಹೋಯಿತು. ಸುಮ್ಮನಿದ್ದು ಬಚಾವಾಗುವ ಅವಕಾಶ ಅವಳಿಗೆ ಜೀವಮಾನದಲ್ಲಿ ಸಿಕ್ಕಿದ್ದು ಇದೇ ಮೊದಲು.

"ಮೇಡಂ, ಪಾಕದ್ದೇನೂ ತಪ್ಪಿಲ್ಲ. ನಾನೇ ಗವಸು ತೆಗೆದು ಮಾತಾಡಿದೆ. ಎಂಟರಿಂದ ಇಪ್ಪತ್ತರವರೆಗೂ."

"ಯಾರ ಜೊತೆ?"

"ಗಿಡದ ಜೊತೆ."

ಮೇಡಂ ಬೈಯಲೂ ಇಲ್ಲ. ಅಡುಗೆಯವಳಿಗೆ ಕೆಲಸಕ್ಕೆ ಮರಳಲು ಹೇಳಿ, ಏಳು ಒಳ್ಳೆಯ ಬಾಟಲಿಗಳನ್ನು ಬೇರೊಬ್ಬಳ ಕೈಗೆ ಕೊಟ್ಟು, ಅಕ್ಕನಿಗೆ ತೊಟ್ಟಿ ತೋರಿಸಿದರು.

ಕ್ರಿಮಿ ಸಾಯುವ ಹಾಗೆ ಕುದಿಸಿದ ಆ ಹದಿಮೂರು ಬಾಟಲಿಗಳು ಮಧ್ಯಾಹ್ನ ತೊಳೆಯಲು ಬಂದದ್ದು ಅವಳ ಮುಂದೆಯೇ. ಅಡುಗೆಯವಳು ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಂಡಳು.

"ನಾನು ಸುಮ್ನೆ ಇದ್ದೆನಲ್ಲ ಅಕ್ಕಾ. ನೀವ್ಯಾಕೆ ಹೇಳೋಕೆ ಹೋದ್ರಿ?"

"ಸುಮ್ನಿರೋದು ನಿಂಗೆ ಬರುತ್ತೆ ಕಣೇ, ನಂಗೆಲ್ಲಿ ಬರುತ್ತೆ?" ಎಂದಳು ಅಕ್ಕ, ಬಾಟಲಿಗೆ ಬ್ರಷ್ ತುರುಕುತ್ತಾ. "ಅದಿರ್ಲಿ ಬಿಡು. ಮೂಗು ಮಾತ್ರ ನಂದೇ ಅಂತೆ, ಕೇಳಿಲ್ಲಿ..."