ನಾಲ್ಕು ಮನೆಯ ಲೆಕ್ಕ

ಲೋಕಾಪುರದ ಶಿದ್ರಾಮಪ್ಪ ಮಾಸ್ತರರು ವಿಜ್ಞಾನ ಕಲಿಸುವ ನೌಕರಿಯಿಂದ ನಿವೃತ್ತರಾಗಿ ಮುಧೋಳ ನಾಯಿ ಸಾಕತೊಡಗಿದರೂ ಪಾಠ ಮಾತ್ರ ಬಿಟ್ಟಿಲ್ಲ. ಕರಿ ನಾಯಿ ಗಬ್ಬಾದರೆ ಸಾಕು, ಅಂಗಳದ ಮಣ್ಣಿನಲ್ಲಿ ಕೋಲಿನಿಂದ ನಾಲ್ಕು ಮನೆಯ ಚೌಕ ಗೀರಿ, "ಅಪ್ಪನೂ ಕರಿ, ಅವ್ವನೂ ಕರಿ. ಆದರ ಇಬ್ಬರೊಳಗೂ ಕಂದು ಬಣ್ಣ ಅಡಗಿ ಕುಂತೈತಿ. ನಾಲ್ಕಕ್ಕೊಂದು ಕಂದು ಮರಿ ಬರಬೇಕು ನೋಡ್ರಿ" ಎಂದು ಓಣಿಗೆಲ್ಲ ಸಾರುತ್ತಾರೆ. ಎಂಟಕ್ಕೆ ಎಂಟೂ ಕರಿ ಮರಿಗಳೇ ಹುಟ್ಟಿ ಹೆಂಡತಿ ಹಾಲವ್ವ ನಕ್ಕರೆ, "ಲೆಕ್ಕ ತಪ್ಪಿಲ್ಲ, ಮರಿ ಕಡಿಮಿ ಬಿದ್ದಾವ. ಲೆಕ್ಕದಾಗ ನಾ ಎಂದೂ ಸುಳ್ಳು ಹೇಳಾಂವಲ್ಲ" ಎಂದು ನಾಯಿಯನ್ನೇ ಗದರುತ್ತಾರೆ. ಮದುವೆಗೆ ಹೋದರೆ ಅಕ್ಕಿಕಾಳು ಬೀಳುವ ಮೊದಲೇ ವಧೂವರರ ಮೂಗು ನೋಡಿ ಹುಟ್ಟಲಿರುವ ಮಕ್ಕಳ ಮೂಗು ಹೇಳಿಬಿಡುತ್ತಾರೆ. ಅದಕ್ಕೇ ಬೀಗರು ಅವರನ್ನು ಮೊದಲ ಪಂಕ್ತಿಗೆ ಕೂರಿಸಿ ಬಾಯಿಗೆ ಹೋಳಿಗೆ ತುರುಕುತ್ತಾರೆ. ಮೊನ್ನೆ ಸೊಸೆ ಪ್ರೀತಿ ಬೆಕ್ಕಿನ ಕಣ್ಣಿನ ಕೂಸು ಹಡೆದಳು. ಗಂಡ ಹೆಂಡತಿ ಇಬ್ಬರದೂ ಕಪ್ಪು ಕಣ್ಣು. ತೊಟ್ಟಿಲಿಗೆ ಹಾಕುವ ದಿನ ಓಣಿಯ ಬೋರವ್ವ ಬಗ್ಗಿ ನೋಡಿ, "ಇದ್ಯಾರಂಗ ಐತಿ ಬೇ?" ಎಂದು ರಾಗ ಎಳೆದಳು. ಹೆಂಗಸರು ಕಿಸಕ್ಕೆಂದರು. ಪ್ರೀತಿ ತಲೆ ತಗ್ಗಿಸಿದಳು. ಮಾಸ್ತರರು ಎದ್ದವರೇ ಗೋಡೆಯ ಮೇಲೆ ಇದ್ದಿಲಿನಿಂದ ನಾಲ್ಕು ಮನೆ ಗೀರಿದರು. "ಇಬ್ಬರೊಳಗೂ ಅಡಗಿತ್ತು, ಕೂಸಿನಾಗ ಹೊರಗ ಬಂತು. ನಮ್ಮವ್ವನ ಕಣ್ಣೂ ಹಿಂಗ ಇದ್ದೂವು. ಇನ್ನ್ಯಾರರ ಕೇಳೋರಿದ್ರ ನನ್ನ ಕೇಳ್ರಿ!" ಬೋರವ್ವ ಕೂಸಿನ ದೃಷ್ಟಿ ತೆಗೆದಳು. ಪ್ರೀತಿ ತಲೆ ಎತ್ತಿದಳು. ಮಾಸ್ತರರ ಅವ್ವನ ಕಣ್ಣು ಆ ಇದ್ದಿಲಿನಷ್ಟೇ ಕಪ್ಪಗಿದ್ದದ್ದು ಅಲ್ಲಿ ಹಾಲವ್ವನಿಗೊಬ್ಬಳಿಗೇ ನೆನಪಿತ್ತು. ಆಕೆ ತೊಟ್ಟಿಲು ತೂಗಿದಳು.