ಐದೂವರೆಯ ಬಸ್ಸು ಮತ್ತು ಝಡ್ ಡ್ರೈವು

ನನ್ನ ಮಗಳಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿದ್ದ ವರ್ಷವನ್ನು ನಾನು ಕಂಪ್ಯೂಟರಿನ ಪರದೆಯ ಮೇಲೆ ತಿರುಗುವ ಮರಳು ಗಡಿಯಾರ ನೋಡುತ್ತ ಕಳೆದೆ. ಹೀಗಂದರೆ ಈಗಿನವರು ನಗುತ್ತಾರೆ. ನಗಲಿ ಬಿಡಿ. ಬಸ್ಸಿನ ಹೊತ್ತಾಗಿ, ಚೀಲ ಹೆಗಲಿಗೆ ಹಾಕಿಕೊಂಡು, ಆ ಗಡಿಯಾರದ ಮುಂದೆ ಕುರ್ಚಿಯ ತುದಿಯಲ್ಲಿ ಕೂತವರಿಗೆ ಮಾತ್ರ ಗೊತ್ತು ಅದು ಎಂಥ ಶನಿ ಅಂತ.

ನಮ್ಮ ಮನೆ ರೋಣದಲ್ಲಿ, ನೌಕರಿ ನರಗುಂದದಲ್ಲಿ. ಒಂದು ಶಿಕ್ಷಣ ಸಂಸ್ಥೆಯ ಆಫೀಸಿನಲ್ಲಿ ನಾನು ಟೈಪಿಸ್ಟ್. ರೋಣ, ನರಗುಂದ, ಗಜೇಂದ್ರಗಡ ಮೂರೂ ಕಡೆ ಸಂಸ್ಥೆಯ ಶಾಲೆಗಳಿದ್ದವು. ಆ ಶಾಲೆಗಳಿಗೆ ಹೋಗುವ ಪತ್ರ, ಅಲ್ಲಿಂದ ಬಂದ ಪತ್ರಕ್ಕೆ ಉತ್ತರ, ಇಲಾಖೆಗೆ ಬರೆಯುವ ವಿನಂತಿ, ಎಲ್ಲ ನನ್ನ ಕೈಯಿಂದಲೇ ದಾಟಬೇಕು. ಐದಕ್ಕೆ ಆಫೀಸು ಬಿಟ್ಟರೆ ಐದೂವರೆಗೆ ರೋಣದ ಬಸ್ಸು. ಅದು ಸಿಕ್ಕರೆ ದೀಪ ಹಚ್ಚುವ ಮೊದಲೇ ಮನೆ. ತಪ್ಪಿದರೆ ಖಾಸಗಿ ಟ್ರ್ಯಾಕ್ಸೇ ಗತಿ. ಆ ಗಾಡಿಯವನೋ, ಒಳಗೆ ಉಸಿರಾಡಲು ಜಾಗ ಇರುವ ತನಕ ಗಾಡಿ ತುಂಬಿಲ್ಲ ಅನ್ನುವ ಮಹಾಶಯ. ಬೆವರು, ಬೀಡಿ, ಉಳ್ಳಾಗಡ್ಡಿ ಚೀಲಗಳ ನಡುವೆ ಮೊಣಕಾಲು ಮಡಚಿ ಕೂತು ಮನೆ ಮುಟ್ಟುವಷ್ಟರಲ್ಲಿ ಮಗಳು ಉಂಡು ಮಲಗಿರುತ್ತಿದ್ದಳು. ಬೆಳಗ್ಗೆ ಅವಳು ಏಳುವ ಮೊದಲೇ ನಾನು ಹೊರಡಬೇಕು. ರವಿವಾರವೊಂದು ಬಿಟ್ಟರೆ, ಮಲಗಿದ ಮಗುವಿನ ಕೆನ್ನೆ ಮುಟ್ಟಿ ನೋಡುವುದೇ ನನ್ನ ತಾಯ್ತನವಾಗಿತ್ತು.

ಮೊದಲಿನಿಂದಲೂ ಹೀಗಿರಲಿಲ್ಲ. ಆ ವರ್ಷ ಆಫೀಸಿಗೆ ಹೊಸ ಕಂಪ್ಯೂಟರುಗಳು ಬಂದವು. ಎಲ್ಲಕ್ಕೂ ದೊಡ್ಡದೊಂದು ಸೂಪರಿಂಟೆಂಡೆಂಟರ ಕೋಣೆಯಲ್ಲಿ ಕೂತಿತು. ನಮ್ಮ ಮೇಜಿನ ಕಂಪ್ಯೂಟರುಗಳಿಂದ ಅದಕ್ಕೆ ವೈರು ಎಳೆದರು. ಯಾವ ಪತ್ರ ಮಾಡಿದರೂ ನಮ್ಮದರಲ್ಲಿ ಇಟ್ಟುಕೊಳ್ಳದೆ ಆ ದೊಡ್ಡದರ ಝಡ್ ಡ್ರೈವಿನಲ್ಲೇ ಸೇವ್ ಮಾಡಬೇಕು ಅಂತ ಹುಕುಂ ಆಯಿತು. ಹಿಂದೊಮ್ಮೆ ಒಂದು ಕಂಪ್ಯೂಟರು ಸುಟ್ಟು ಅದರೊಳಗಿನ ಪತ್ರಗಳೆಲ್ಲ ಹೋಗಿದ್ದವು. ಹಾಗಾಗಿ ಹುಕುಮಿನಲ್ಲಿ ತಪ್ಪಿರಲಿಲ್ಲ. ಆದರೆ ಅಂದಿನಿಂದ ಸೇವ್ ಒತ್ತಿದರೆ ಸಾಕು, ಪರದೆ ಬೆಳ್ಳಗಾಗಿ ಸತ್ತ ಮೀನಿನ ಕಣ್ಣಿನಂತೆ ನಿಂತುಬಿಡುತ್ತಿತ್ತು. ಕೀಲಿ ಒತ್ತಿದರೆ ಇಲ್ಲ, ಮೌಸು ಆಡಿಸಿದರೆ ಇಲ್ಲ. ಎದ್ದು ಹೋಗಿ ಚಹಾ ಕುಡಿದು ಬಂದರೂ ಮರಳು ಗಡಿಯಾರ ತಿರುಗುತ್ತಲೇ ಇರುತ್ತಿತ್ತು.

ಸೂಪರಿಂಟೆಂಡೆಂಟರು ಕೆಟ್ಟವರಲ್ಲ. ಆದರೆ ಅವರಿಗೆ ತಿದ್ದುವ ಹುಚ್ಚು. ಇಡೀ ದಿನ ಸುಮ್ಮನಿದ್ದು ಹೊತ್ತು ಇಳಿಯುವಾಗ ಕೆಂಪು ಪೆನ್ನು ತೆಗೆಯುತ್ತಿದ್ದರು. ‘ಕೋರುತ್ತೇನೆ’ ಇದ್ದದ್ದು ‘ಕೋರಲಾಗಿದೆ’ ಆಗಬೇಕು. ತಿದ್ದಿದೆ, ಸೇವ್, ಗಡಿಯಾರ. ಆಮೇಲೆ ‘ಕೋರಲಾಗಿದೆ’ ಸರಿ ಕಾಣುವುದಿಲ್ಲ, ‘ವಿನಂತಿಸಲಾಗಿದೆ’ ಮಾಡಬೇಕು. ಮತ್ತೆ ಸೇವ್, ಮತ್ತೆ ಗಡಿಯಾರ. ಹೊರಗೆ ಬಸ್ ಸ್ಟ್ಯಾಂಡಿನ ಕಡೆಯಿಂದ ಹಾರ್ನು ಕೇಳಿದರೆ ನಾನು ಚೀಲ ಎತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ.

“ಸರ್, ಇದು ಭಾಳ ಹೊತ್ತ ತಗೋತೈತ್ರಿ,” ಅಂದರೆ ಅವರು ಕನ್ನಡಕದ ಮೇಲಿಂದ ನೋಡುತ್ತಿದ್ದರು. 

“ಕುಣೀಲಿಕ್ಕ ಬಾರದಾಕಿ ಅಂಗಳ ಡೊಂಕ ಅಂದ್ಲಂತ. ಕೈ ಸ್ವಲ್ಪ ಲಗೂ ಆಡಸ್ರಿ ಬಾಯಾರ.”

ನನ್ನ ಕೈ! ಮದುವೆಗೆ ಮುಂಚೆಯೇ ಟೈಪಿಂಗ್ ಸೀನಿಯರ್ ಪಾಸು ಮಾಡಿದ ಕೈ. ಕೀಲಿಗಳನ್ನು ನೋಡದೆ, ಕಿಟಕಿಯಾಚೆ ನರಗುಂದದ ಗುಡ್ಡ ನೋಡುತ್ತ ಪುಟ ತುಂಬಿಸುವ ಕೈ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ. ಮೈಯೆಲ್ಲ ಉರಿಯುತ್ತಿತ್ತು. ಆದರೆ ತಿರುಗಿ ಮಾತಾಡಿದರೆ ಇನ್ನಷ್ಟು ಹೊತ್ತಾಗುತ್ತದೆ ಅಂತ ನುಂಗಿಕೊಳ್ಳುತ್ತಿದ್ದೆ.

ಕಂಪ್ಯೂಟರು ರಿಪೇರಿಗೆ ಗಜೇಂದ್ರಗಡದಿಂದ ಒಬ್ಬರು ಬರುತ್ತಿದ್ದರು. ಅಲ್ಲಿ ಅವರದೇ ಅಂಗಡಿ ಇತ್ತು, ಸಂಸ್ಥೆಯ ಎಲ್ಲ ಯಂತ್ರಗಳಿಗೂ ಅವರೇ ವೈದ್ಯರು. ಒಂದು ಸಲ ಬಂದು ವೈರು ಬದಲಿಸಿದರು. ಇನ್ನೊಂದು ಸಲ ಮಿಣಿಮಿಣಿ ದೀಪದ ಡಬ್ಬಿ ಬದಲಿಸಿದರು. ಮತ್ತೊಂದು ಸಲ ವೈರಸ್ ಇದೆ ಅಂತ ಎಲ್ಲ ಅಳಿಸಿ ಹೊಸದಾಗಿ ತುಂಬಿದರು. ಹೋದ ಪುಟ್ಟ ಬಂದ ಪುಟ್ಟ. ಪ್ರತಿ ಸಲ ಕೊನೆಗೆ ಒಂದು ಪರೀಕ್ಷೆ ಮಾಡಿ ತೋರಿಸುತ್ತಿದ್ದರು. ಖಾಲಿ ಹಾಳೆ ತೆರೆದು, ಬಾಯಿಗೆ ಬಂದ ನಾಲ್ಕು ಅಕ್ಷರ ಕುಟ್ಟಿ, ಝಡ್ ಡ್ರೈವಿಗೆ ಸೇವ್ ಒತ್ತುತ್ತಿದ್ದರು. ಕಣ್ಣು ಮಿಟುಕಿಸುವುದರೊಳಗೆ ಸೇವ್ ಆಗಿರುತ್ತಿತ್ತು.

“ನೋಡ್ರಿ ಮೇಡಂ, ಬೆಣ್ಣ್ಯಾಗಿನ ಕೂದಲಾ ತಗದಂಗ ಆತು. ನೆಟ್‌ವರ್ಕ್ ಫಸ್ಟ್‌ಕ್ಲಾಸ್ ಐತಿ.”

ಅವರು ಚೀಲ ಹೆಗಲಿಗೆ ಹಾಕಿಕೊಂಡು ಹೊರಟ ಮೇಲೆ ನಾನು ನನ್ನ ಪತ್ರ ತೆರೆಯುತ್ತಿದ್ದೆ. ಮತ್ತದೇ ಬಿಳಿ ಪರದೆ, ಮತ್ತದೇ ಗಡಿಯಾರ. ಫೋನು ಮಾಡಿದರೆ, “ನಾ ಮಾಡಿದ್ರ ಆಗ್ತೈತಿ, ನೀವು ಮಾಡಿದ್ರ ಆಗೂದಿಲ್ಲ ಅಂದ್ರ ನಾ ಏನ್ ಹೇಳ್ಲಿ? ನಿಮ್ಮ ಕೈಗುಣ ಅನಬೇಕಷ್ಟ,” ಅಂತ ನಕ್ಕರು. ಆ ಮಾತು ಆಫೀಸಿನಲ್ಲಿ ಹಬ್ಬಿತು. ಅಮಾವಾಸ್ಯೆಗೆ ಸಿಪಾಯಿ ನನ್ನ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಲಿಂಬಿಹಣ್ಣು ಕೊಯ್ದಿಟ್ಟ. ಅವನ ಮನಸ್ಸು ಒಳ್ಳೆಯದೇ. ನನಗೆ ಮಾತ್ರ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಇದೆಲ್ಲ ಹೇಗೋ ನಡೆದು ಹೋಗುತ್ತಿತ್ತೇನೋ. ಒಂದು ಸಂಜೆ ಮಾತ್ರ ಮನೆಗೆ ಹೋದಾಗ ಬಾಗಿಲಲ್ಲಿ ನಾಲ್ಕು ಮಂದಿ ನೆರೆಯವರು ನಿಂತಿದ್ದರು. ಚಪ್ಪಲಿ ಬಿಡದೆ ಒಳಗೆ ಓಡಿದೆ. ನಮ್ಮ ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಬಸ್ಸಿನ ಹಾರ್ನು ಕೇಳಿ ಮಗಳು ‘ಅವ್ವ ಬಂದ್ಲು’ ಅಂತ ಬೀದಿಗೆ ಓಡಿದ್ದಳಂತೆ. ಅತ್ತೆಗೆ ಮೊಣಕಾಲು ಬೇನೆ, ಏಳುವಷ್ಟರಲ್ಲಿ ಹುಡುಗಿ ದೊಡ್ಡ ರಸ್ತೆ ಮುಟ್ಟಿದ್ದಳು. ಕಿರಾಣಿ ಅಂಗಡಿಯ ಚಾಚಾ ಹಾರಿ ಬಂದು, ಟ್ರ್ಯಾಕ್ಟರಿನ ಮುಂದಿನಿಂದ ಎಳೆದುಕೊಂಡು ಮನೆಗೆ ತಂದು ಬಿಟ್ಟಿದ್ದರು. ಆ ಬಸ್ಸಿನಲ್ಲಿ ನಾನು ಇರಬೇಕಿತ್ತು. ಇರಲಿಲ್ಲ. ‘ವಿನಂತಿಸಲಾಗಿದೆ’ ಸೇವ್ ಆಗುವುದನ್ನು ಕಾಯುತ್ತ ನರಗುಂದದಲ್ಲಿ ಕೂತಿದ್ದೆ.

ಅವತ್ತು ಅತ್ತೆ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಕಾಲು ಚಾಚಿ ಗೋಡೆಗೆ ಒರಗಿ ಕೂತು, “ನೋಡವಾ, ನೌಕರಿ ಮಾಡಬ್ಯಾಡ ಅಂತ ನಾ ಎಂದರ ಅಂದೀನೇನು? ನನ್ನ ಮೊಣಕಾಲ ನನ್ನ ಮಾತ ಕೇಳವಲ್ವು. ಇವತ್ತ ಚಾಚಾ ಹಿಡದ್ರು. ನಾಳಿ ಯಾರ ಹಿಡೀತಾರ? ಒಂದೋ ಐದೂವರಿ ಬಸ್ಸಿಗೆ ಬಾ, ಇಲ್ಲಂದ್ರ ಬಿಟ್ಟುಬಿಡು,” ಅಂದರು.

ನಾನು ಗಂಡನ ಮುಖ ನೋಡಿದೆ. ಅವರು ರೊಟ್ಟಿ ಮುರಿಯುತ್ತ, “ಅವ್ವ ಅನ್ನೂದ್ರಾಗ ತಪ್ಪೇನೈತಿ, ನೀನ ಹೇಳು,” ಅಂದರು.

ತಪ್ಪಿರಲಿಲ್ಲ. ಅದೇ ನನ್ನ ಸಿಟ್ಟಿಗೆ ಕಾರಣ. ಸಂಬಳ ದೊಡ್ಡದೇನಲ್ಲ, ಬಿಟ್ಟರೆ ಮನೆ ಉಪವಾಸ ಬೀಳುವುದಿಲ್ಲ. ಆದರೆ ನರಗುಂದದ ಆ ಮೇಜಿನ ಮುಂದೆ ಕೂತಾಗ ನಾನು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಕೆಲಸ ಬಲ್ಲ ಒಬ್ಬ ಹೆಂಗಸು. ಆ ಒಂದು ಕುರ್ಚಿ ನನಗೆ ಬೇಕಿತ್ತು. ಮಗಳೂ ಬೇಕಿದ್ದಳು. ಎರಡೂ ಬೇಕು ಅನ್ನುವುದು ಅಷ್ಟು ದೊಡ್ಡ ಆಸೆಯೇ? ಆ ವಾರವೆಲ್ಲ ಬಸ್ಸಿನ ಕಿಟಕಿಗೆ ತಲೆಯಾನಿಸಿ ಇದನ್ನೇ ಕೇಳಿಕೊಂಡೆ. ಕೇಳಿ ಕೇಳಿ ದಣಿದೆ. ಕೊನೆಗೆ ಹಾಳಾಗಿ ಹೋಗಲಿ, ಬಿಟ್ಟೇಬಿಡುತ್ತೇನೆ ಅಂತ ಗಟ್ಟಿ ಮಾಡಿದೆ. ಮಂಗಳವಾರ ರಾಜೀನಾಮೆ ಕೊಟ್ಟು ಬರುತ್ತೇನೆಂದು ಮನೆಯಲ್ಲಿ ಹೇಳಿಯೇ ಹೊರಟೆ.

ಇಲ್ಲಿ ನಮ್ಮ ಆಫೀಸಿನ ಒಂದು ಪದ್ಧತಿ ಹೇಳಬೇಕು. ನಾವು ಯಾವ ಪತ್ರವನ್ನೂ ಹೊಸದಾಗಿ ಬರೆಯುತ್ತಿರಲಿಲ್ಲ. “ಹಳೇದರ ಮ್ಯಾಲ ತಿದ್ರಿ ಬಾಯಾರ. ತಾರೀಕ ಬದಲ ಮಾಡ್ರಿ, ನಂಬರ ಬದಲ ಮಾಡ್ರಿ, ಮುಗೀತು. ಹೊಸಾದ ಬರದ್ರ ಏನರ ಒಂದು ತಪ್ಪ ಬಂದ ಬರ್ತೈತಿ,” ಅನ್ನುವುದು ಸೂಪರಿಂಟೆಂಡೆಂಟರ ಮಂತ್ರ. ಹೋದ ವರ್ಷದ ಪತ್ರದ ಮೇಲೆ ಈ ವರ್ಷದ್ದು, ಅದು ಅದರ ಹಿಂದಿನದರ ಮೇಲೆ. ಹಿಂದಕ್ಕೆ ಹೋಗುತ್ತ ಹೋದರೆ ಎಲ್ಲದರ ಮೂಲ ಒಂದೇ. ಹೊಸ ಕಂಪ್ಯೂಟರು ಬಂದ ವರ್ಷವೇ ನಿವೃತ್ತರಾದ ನಮ್ಮ ಹೆಡ್ ಕ್ಲಾರ್ಕು ಸಂಸ್ಥೆಯ ಹೆಸರು, ಲಾಂಛನ ಎಲ್ಲ ಚಂದವಾಗಿ ಕೂರಿಸಿ ಮಾಡಿಟ್ಟ ಮೊದಲ ಪತ್ರ.

ಹಾಗಾಗಿ ಮಂಗಳವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾನು ಅಭ್ಯಾಸದಂತೆ ಝಡ್ ಡ್ರೈವಿನಲ್ಲಿ ಹಳೆಯ ರಾಜೀನಾಮೆ ಪತ್ರ ಹುಡುಕಿದೆ. ಬೀಳ್ಕೊಡುಗೆಯ ಪತ್ರ ಇತ್ತು, ಶ್ರದ್ಧಾಂಜಲಿಯ ಠರಾವು ಇತ್ತು, ರಾಜೀನಾಮೆ ಒಂದೂ ಇರಲಿಲ್ಲ. ನಮ್ಮ ಆಫೀಸಿನಿಂದ ಹೋದವರೆಲ್ಲ ಒಂದೋ ನಿವೃತ್ತರಾಗಿ ಹೋಗಿದ್ದರು, ಇಲ್ಲ ಸತ್ತು ಹೋಗಿದ್ದರು. ತಾನಾಗಿ ಎದ್ದು ಹೊರಟವಳು ನಾನೊಬ್ಬಳೇ. ಬೇರೆ ದಾರಿಯಿಲ್ಲದೆ ಖಾಲಿ ಹಾಳೆ ತೆರೆದು ಬರೆದೆ. ಕೌಟುಂಬಿಕ ಕಾರಣಗಳಿಂದ ಅಂತ ಬರೆಯುವಾಗ ಕಣ್ಣು ಮಂಜಾಯಿತು. ಝಡ್ ಡ್ರೈವಿಗೆ ಸೇವ್ ಒತ್ತಿ, ಹೇಗೂ ಹೊತ್ತು ಹಿಡಿಯುತ್ತದೆ ಅಂತ ನೀರಿನ ಬಾಟಲಿ ತುಂಬಿಸಿಕೊಳ್ಳಲು ಎದ್ದೆ.

ಎದ್ದವಳು ಹೆಜ್ಜೆ ಎತ್ತಲಿಲ್ಲ. ಗಡಿಯಾರವೇ ಇರಲಿಲ್ಲ. ಸೇವ್ ಆಗಿಹೋಗಿತ್ತು.

ಒತ್ತಿಯೇ ಇಲ್ಲವೇನೋ ಅಂದುಕೊಂಡು ಕೂತು ಮತ್ತೆ ಒತ್ತಿದೆ. ಆಯಿತು. ಒಂದು ಅಕ್ಷರ ಅಳಿಸಿ ಮತ್ತೆ ಒತ್ತಿದೆ. ಆಯಿತು. ಬೆಳಗ್ಗಿನ ಪತ್ರ ತೆರೆದು ಒತ್ತಿದೆ, ಬಿಳಿ ಪರದೆ ಸತ್ತು ನಿಂತಿತು. ಆಗ ಗಜೇಂದ್ರಗಡದವರ ಪರೀಕ್ಷೆ ನೆನಪಾಯಿತು. ಅವರೂ ಪ್ರತಿ ಸಲ ಖಾಲಿ ಹಾಳೆಯಲ್ಲೇ ಕುಟ್ಟುತ್ತಿದ್ದರಲ್ಲ! ಹೊಸ ಖಾಲಿ ಹಾಳೆ ತೆರೆದು, ಬೆಳಗ್ಗಿನ ಪತ್ರದ ಒಕ್ಕಣೆಯನ್ನೆಲ್ಲ ಎತ್ತಿ ಅದರೊಳಗೆ ಹಾಕಿ ಸೇವ್ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಆಯಿತು.

ಸೂಪರಿಂಟೆಂಡೆಂಟರ ಕೋಣೆಯ ಫೋನಿನಿಂದ ಗಜೇಂದ್ರಗಡಕ್ಕೆ ಹಚ್ಚಿದೆ. ಅವರು, ಹಳೆಯ ಪತ್ರ ತೆರೆದು ಇಂಥಲ್ಲಿ ಒತ್ತಿ ಏನು ಬರೆದಿದೆ ಓದಿ ಅಂದರು. ನನ್ನ ಮೇಜಿಗೆ ಹೋಗಿ ನೋಡಿ ಬಂದು ಹೇಳಿದೆ. ಅದರಲ್ಲಿದ್ದದ್ದು ನಿವೃತ್ತ ಹೆಡ್ ಕ್ಲಾರ್ಕರ ಹಳೆಯ ಕಂಪ್ಯೂಟರಿನ ಹೆಸರು.

“ಅಯ್ಯ, ಇದರಾಗ ಐತಲ್ರಿ ಎಲ್ಲಾ! ನಿಮ್ಮ ಪತ್ರದ ಅಚ್ಚು ಅವರು ತಮ್ಮ ಮಶಿನ್‌ನ್ಯಾಗ ಇಟ್ಟಿದ್ರು. ಅದರಿಂದ ಹುಟ್ಟಿದ ಪತ್ರ ಎಲ್ಲಾ ತೆಗದಾಗೊಮ್ಮೆ, ಸೇವ್ ಮಾಡಿದಾಗೊಮ್ಮೆ ಆ ಮಶಿನ್ ಹುಡುಕ್ತಾವ. ಸಿಗೂದಿಲ್ಲ. ಹುಡುಕಿ ಹುಡುಕಿ ಸಾಕಾದ ಮ್ಯಾಲ ಸೇವ್ ಆಗ್ತಾವ. ಆ ಮಶಿನ್ ಈಗ ಎಲ್ಲೈತ್ರಿ?”

“ನಿಮ್ಮೂರಾಗ ಐತ್ರಿ. ನಮ್ಮ ಸಾಲಿ ಹುಡುಗ್ರಿಗೆ ಕಲೀಲಿಕ್ಕೆ ಅಂತ ಕೊಟ್ಟಾರ.”

ಆ ಕಡೆಯಿಂದ ದೊಡ್ಡ ನಗು ಬಂತು. “ಖರೇ ಐತ್ರಿ! ನಾನ ತಂದು ಕೂಡಿಸೀನಲ್ರಿ ಅದನ್ನ!”

ನನಗೆ ನಗು ಬರಲಿಲ್ಲ. ಖುಷಿಯೂ ಆಗಲಿಲ್ಲ. ಗುಡ್ಡ ಅಗೆದು ಇಲಿ ಹಿಡಿದಂತಾಗಿತ್ತು. ಇಷ್ಟಕ್ಕಾಗಿ ಎಷ್ಟು ಸಂಜೆಗಳು ಹೋದವು ನನ್ನವು! ಬೈದವರನ್ನು ಹಿಡಿದು ಬೈಯೋಣವೆಂದರೆ ಯಾರದೂ ತಪ್ಪಲ್ಲ. ನೀರಿನ ಫಿಲ್ಟರಿನ ಮುಂದೆ ಬಾಟಲಿ ಹಿಡಿದುಕೊಂಡು ಮನಸಾರೆ ಅತ್ತೆ.

ಊಟ ಮುಗಿಸಿ ಬಂದ ಸೂಪರಿಂಟೆಂಡೆಂಟರಿಗೆ ಎಲ್ಲ ಹೇಳಿದೆ. “ಇಷ್ಟ ಏನು? ಮೊದ್ಲ ಹೇಳಬಾರದೇನ್ರಿ,” ಅಂದರು. ಅವರು ತಮ್ಮ ಪರದೆಯ ಕಡೆ ಬಗ್ಗಿ, “ಝಡ್‌ನ್ಯಾಗ ರಾಜೀನಾಮಿ ಅಂತ ಒಂದು ಬಂದೈತಲ್ಲ, ಯಾರದು?” ಅಂದರು.

“ಟೆಸ್ಟಿಂಗ್ ಮಾಡಿದ್ನಿ ಸರ್.”

“ಹಂಗಾರ ತೆಗೀಬ್ಯಾಡ್ರಿ, ಇರ್ಲಿ. ಮುಂದ ಯಾರರ ಕೊಡೂದಿದ್ರ ಅದರ ಮ್ಯಾಲ ತಿದ್ದಾಕ ಬರ್ತೈತಿ.”

ಅಂದು ಸಂಜೆಯೂ ಕೆಂಪು ಪೆನ್ನು ಹೊರಬಂತು. ಎಷ್ಟು ಬೇಕೋ ತಿದ್ದಿಕೊಳ್ಳಿ ಅಂದೆ ಮನಸ್ಸಿನಲ್ಲೇ. ತಿದ್ದಿದಷ್ಟೂ ಸೇವ್ ಆಯಿತು. ಐದೂವರೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಎರಡೂ ಬದಿಗೆ ಕಡಲೆ ಕಿತ್ತ ಎರೆ ಹೊಲಗಳು ಬಿರುಕು ಬಿಟ್ಟು ಬಿದ್ದಿದ್ದವು. ಮೈಯೆಲ್ಲ ಹಣ್ಣಾಗಿತ್ತು. ಆದರೂ ದಾರಿಯುದ್ದಕ್ಕೂ ಕಣ್ಣು ಮುಚ್ಚಲಿಲ್ಲ.

ನಮ್ಮ ಓಣಿಗೆ ತಿರುಗಿದಾಗ ಇನ್ನೂ ಇಳಿಬಿಸಿಲಿತ್ತು. ಅತ್ತೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಮಗಳು ಅವರ ಪಕ್ಕದಲ್ಲಿ ಮೊರದಿಂದ ಬೇರೆಯಾದ ಹರಳು ಆರಿಸಿ ಸಾಲಾಗಿ ಇಡುತ್ತಿದ್ದಳು. ನನ್ನನ್ನು ಕಂಡು ಅತ್ತೆ ಮೊರ ಕೆಳಗಿಟ್ಟರು.

“ಕೊಟ್ಟ ಬಂದ್ಯೇನವಾ?”

“ಇಲ್ರಿ ಅತ್ತಿ. ಇನ್ನ ಮ್ಯಾಲ ದಿನಾ ಈ ಬಸ್ಸಿಗೇ ಬರ್ತೀನಿ.”

ಅವರು ನನ್ನ ಮುಖ ನೋಡಿದರು, ಓಣಿಯ ಬಿಸಿಲು ನೋಡಿದರು, ಮತ್ತೆ ಮೊರ ಎತ್ತಿಕೊಂಡರು. ನಾನು ಚೀಲ ಕೆಳಗಿಟ್ಟು ಮಗಳ ಕಡೆ ಎರಡೂ ಕೈ ಚಾಚಿದೆ. ಅವಳು ಓಡಿ ಬರಲಿಲ್ಲ. ಎದ್ದು ನಿಂತು ನನ್ನನ್ನೇ ನೋಡಿದಳು. ಆಮೇಲೆ ಅತ್ತೆಯ ಸೆರಗು ಜಗ್ಗಿ ಕೇಳಿದಳು.

“ಆಯಿ, ಇವತ್ತ ರವಿವಾರ ಏನ?”