ಅತ್ತೆಯ ತನಕ ಬಂದ ನೀರು

ಅಜ್ಜಿಯ ಹಿಮ್ಮಡಿಯ ಬಿರುಕುಗಳಲ್ಲಿ ಗಂಗೆಯ ಬೂದು ಮಣ್ಣು ಕಾಯಮ್ಮಾಗಿ ಕೂತಿತ್ತು. ಕೇದಾರ ಘಾಟಿನ ಮೆಟ್ಟಿಲುಗಳನ್ನು ಅಡ್ಡಡ್ಡ ಇಳಿಯುತ್ತಿದ್ದರು. ಒಂದೊಂದರ ಮೇಲೂ ಎರಡೂ ಪಾದ ಊರಿ, ತುಟಿ ಅಲ್ಲಾಡಿಸಿ, ಆಮೇಲೆ ಮುಂದಿನದು. ಏನೋ ಮಂತ್ರವೆಂದುಕೊಂಡಿದ್ದೆ.

ನಾನು ಕಾಶಿಗೆ ಬಂದದ್ದು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರಿನಲ್ಲಿ ಸ್ನಾತಕೋತ್ತರ ಓದಿಗೆ. ಕನ್ನಡದ ಮಠವೊಂದರಲ್ಲಿ ಕೋಣೆ ಸಿಕ್ಕಿತು. ಪಕ್ಕದ ಕೋಣೆಯಲ್ಲಿ, ಇಲ್ಲೇ ಕಣ್ಣು ಮುಚ್ಚಬೇಕೆಂದು ಗದಗದ ಕಡೆಯಿಂದ ಬಂದಿದ್ದ ಈ ಅಜ್ಜಿ. ತರಗತಿಯಲ್ಲಿ ಜೊತೆಯವರು ನನ್ನ ಹರಕುಮುರುಕು ಹಿಂದಿಗೆ ನಗುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಆದರೂ ನಾನು ಮುನಿಸಿಕೊಂಡು ಒಬ್ಬಳೇ ಊಟ ಮಾಡತೊಡಗಿದೆ. ಎಷ್ಟೋ ದಿನ ಕಾಲೇಜಿನಿಂದ ಬರುವಾಗ ಸೋನಾರ್‌ಪುರದಲ್ಲಿ ಇ-ರಿಕ್ಷಾದವನಿಗೆ 'ಬಸ್, ಯಹೀಂ' (ಸಾಕು, ಇಲ್ಲೇ) ಎಂದದ್ದೇ ಆ ದಿನದ ಮೊದಲ ಮಾತಾಗಿರುತ್ತಿತ್ತು.

"ಏನ್ ಓದ್ತಿ ತಂಗಿ?" ಎಂದರು ಅಜ್ಜಿ ಒಮ್ಮೆ. ನೆಲ, ನೀರು, ಗಿಡ, ಜನ ಓಡಾಡುವ ದಾರಿ ಎಲ್ಲ ಹೊಂದಿಸುವ ವಿದ್ಯೆ ಎಂದೆ.

"ಅದಕ್ಕೂ ಕಾಲೇಜು ಬೇಕ? ನಮ್ಮೂರಾಗ ಎಮ್ಮಿ ನಡದದ್ದ ದಾರಿ ಆಕ್ಕಿತ್ತು."

ಮಳೆಗಾಲದಲ್ಲಿ ಹೊಳೆ ಏರಿದಾಗ ಅಜ್ಜಿ ಅರ್ಧಕ್ಕೇ ನಿಂತು ಮರಳಿದರು. "ಇವತ್ತ ನೀರು ನಮ್ಮತ್ತಿ ತನಕ ಬಂದೈತಿ." ಗುಟ್ಟು ತಿಳಿದದ್ದು ಆಗ. ಅವರಿಗೆ ಒಂದೊಂದು ಮೆಟ್ಟಿಲೂ ತೀರಿಹೋದ ಒಬ್ಬೊಬ್ಬರು. ಮೇಲೆ ಮುತ್ತಜ್ಜಂದಿರು, ಇಳಿದಂತೆ ಹತ್ತಿರದವರು. ಕೆಳಗೆ ಗಂಡ, ಅವನಿಗೂ ಕೆಳಗೆ ಒಂದೇ ವರ್ಷ ಬದುಕಿದ್ದ ಮಗಳು.

"ಹಿರಿಯರನ್ನ ತುಳೀತೀರಲ್ಲ?" ಎಂದೆ.

"ನಮ್ಮತ್ತಿ ನನ್ನ ಏನ್ ಕಡಿಮಿ ತುಳದಾಳ?" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ತುಳಿಯೂದಲ್ಲವ್ವ, ಅವರ ನನ್ನ ಹೊತಗೊಂಡ್ ಇಳಸ್ತಾರ" ಎಂದರು.

ಮಳೆ ನಿಂತ ಮೇಲೆ ಘಾಟಿನ ಅಳತೆಯ ನಕ್ಷೆ ಬರೆಯುವುದು ನಮಗೆ ಕೊಟ್ಟ ಮೊದಲ ಕೆಲಸ. ಎಲ್ಲರೂ ಜೋಡಿಯಾಗಿ ಟೇಪು ಹಿಡಿದರು, ನಾನು ಒಂದು ತುದಿಗೆ ಕಲ್ಲು ಹೇರಿ ಅಳೆದೆ. ಈ ನಕ್ಷೆ ಕೆಟ್ಟರೆ ಓದು ಬಿಟ್ಟು ಹೋಗುವುದೆಂದು ಊರಿಗೆ ಟಿಕೆಟ್ಟನ್ನೂ ಮಾಡಿಸಿಟ್ಟಿದ್ದೆ.

ನಕ್ಷೆ ಒಪ್ಪಿಸುವ ಹಿಂದಿನ ದಿನ ಮಧ್ಯಾಹ್ನ ಅಜ್ಜಿಗೆ ತೋರಿಸಿದೆ. ಮೇಲಿನಿಂದ ಬೆರಳಿಟ್ಟು ಒಬ್ಬೊಬ್ಬರ ಹೆಸರು ಹೇಳುತ್ತ ಬಂದರು. ಬೆರಳು ತಟ್ಟನೆ ನಿಂತಿತು.

"ನಮ್ಮ ಯಜಮಾನ್ರೆಲ್ಲಿ? ಕೂಸೆಲ್ಲಿ?"

"ಅಲ್ಲಿ ಬರೀ ಮಣ್ಣು ಅಜ್ಜಿ." ಪ್ರವಾಹ ಬಿಟ್ಟುಹೋದ ಹೂಳನ್ನೇ ನಾನು ನೆಲವೆಂದು ಬರೆದಿದ್ದೆ.

"ಮಣ್ಣು ಮುಚ್ಚಿದ್ರ ಇಲ್ಲಂತ ಬರೀತಿ ಏನು?"

ಬಟ್ಟೆ ಒಣಹಾಕುವ ಬಿದಿರುಗೋಲು ಹಿಡಿದು ಮುಂದಾಗಿ ಘಾಟಿಗೆ ಹೊರಟೇಬಿಟ್ಟರು. ಅವರು ತೋರಿಸಿದಲ್ಲೆಲ್ಲ ನಾನು ಹೂಳಿಗೆ ಕೋಲು ಚುಚ್ಚಿದೆ. ಒಂದೊಂದು ಸಲ ಕಲ್ಲು ತಗುಲಿದಾಗಲೂ ಅವರು ಹೆಸರು ಕೂಗಿದರು. ಏಳು ಮೆಟ್ಟಿಲು ಸಿಕ್ಕವು. ಇಡೀ ತರಗತಿಯಲ್ಲಿ ಆ ಏಳು ಇದ್ದದ್ದು ನನ್ನ ನಕ್ಷೆಯಲ್ಲಿ ಮಾತ್ರ. ಟಿಕೆಟ್ ರದ್ದು ಮಾಡಿಸಿದೆ.

ಎರಡನೆಯ ವರ್ಷ, ನಾನು ಅಳತೆಗೆಂದು ಸಾರನಾಥಕ್ಕೆ ಹೋಗಿದ್ದ ದಿನವೇ ಅಜ್ಜಿ ತೀರಿಕೊಂಡರು. ಬರುವಷ್ಟರಲ್ಲಿ ಎಲ್ಲ ಮುಗಿದು, ಕೋಣೆಯನ್ನೂ ತೊಳೆದಿದ್ದರು. ಮರುದಿನ ಬೆಳಿಗ್ಗೆ ಅವರಂತೆಯೇ ಅಡ್ಡಡ್ಡ ಇಳಿದೆ. ನೆನಪಿದ್ದಷ್ಟು ಹೆಸರು ಹೇಳಿದೆ: ಅವರ ಅತ್ತೆಯದು, ಗಂಡನದು, ಕೂಸಿನದು. ಕೂಸಿನ ಕೆಳಗೆ, ನೀರಿನೊಳಗೆ, ಇನ್ನೊಂದು ಮೆಟ್ಟಿಲಿತ್ತು. ಅದರ ಮೇಲೆ ಎರಡೂ ಪಾದ ಊರಿ ಬಾಯಿ ತೆರೆದೆ. ಅಷ್ಟೊಂದು ಜನರ ಹೆಸರು ಕೇಳಿಸಿಕೊಂಡಿದ್ದ ನಾನು ಅವನ್ನು ಹೇಳಿಕೊಟ್ಟವರ ಹೆಸರನ್ನು ಒಮ್ಮೆಯೂ ಕೇಳಿರಲಿಲ್ಲ.

"ಅಜ್ಜಿ" ಎಂದೆ.